ಸಾಂಗ್‌ಲಿನ್ ನಿಲ್ದಾಣದ ಸಾಕ್ಷಿ

"ಬಾಯಿ ಬಿಡು ಅತ್ತಿಗೆ! ಮಗನನ್ನ ಕೊಂದ ಪಾಪಿ ಬಾಗಿಲಾಚೆನೇ ನಿಂತಿದಾನೆ," ಎಂದು ಹಳಿ ಕಾಯುವ ಪಾಂಗ್, ಮುದುಕಿ ಗುಯಿರೊಂಗಳ ಬೆನ್ನು ತಿವಿದ.

ಬಾಗಿಲಾಚೆ ನಿಂತಿದ್ದವನು ಜಪಾನೀ ಕ್ಯಾಪ್ಟನ್ ಇಗರಾಶಿ. ಮಂಚೂರಿಯಾದ ಈ ರೈಲುದಾರಿಯನ್ನು ಅವನ ಸೇನೆ ಹಿಡಿದು ಐದು ತಿಂಗಳಾಗಿತ್ತು. ಯಾರೋ ಹಳಿ ಕಿತ್ತರೆಂದು ನಿಲ್ದಾಣದ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕಿಸಿದ್ದ. ಗುಯಿರೊಂಗಳ ಒಬ್ಬನೇ ಮಗ ಯುಛಿಂಗ್ ಅವರಲ್ಲಿ ಕೊನೆಯವನು. ಅವಳ ಬೂಟಿಗೆ ಹೊಲಿದ ಸೂತಕದ ಬಿಳಿ ಬಟ್ಟೆ ಇನ್ನೂ ಮಾಸಿರಲಿಲ್ಲ.

ಒಳಗೆ ಈ ಕೊಲೆಗಳ ಬಗ್ಗೆ ಸಾಕ್ಷಿ ಕೇಳಲು ಬಂದ ವಿದೇಶಿ ಕಾನ್ಸಲ್, ಪಕ್ಕದಲ್ಲಿ ದುಭಾಷಿ. ಕಾನ್ಸಲ್ ಒಳ್ಳೆಯವನೇ. ಕೇಳಿದ್ದನ್ನೆಲ್ಲ ಬರೆದು ಇದೇ ನಿಲ್ದಾಣದ ತಂತಿಯಲ್ಲಿ ತನ್ನ ರಾಯಭಾರಿಗೆ ಕಳಿಸುತ್ತಿದ್ದ. ಹೋದ ಸಲ ಸ್ಟೇಷನ್ ಮಾಸ್ತರ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೂರನೇ ದಿನಕ್ಕೆ ಮಾಸ್ತರ ಕಾಣೆಯಾದ, ಇಗರಾಶಿಯ ಎದೆಗೆ ಪದಕ ಬಂತು. ಅಬ್ಬಾ, ಏಳು ಹೆಣಕ್ಕೆ ಒಂದು ಪದಕ!

ಗುಯಿರೊಂಗ್ ತಂತಿ ಕೋಣೆಯ ಒಲೆ ನೋಡಿಕೊಳ್ಳುವವಳು. ಬೂದಿಗೈ ಒರೆಸಿಕೊಂಡು ಕುಳಿತಳು. ದನಿ ತಣ್ಣಗಿತ್ತು.

"ಕ್ಯಾಪ್ಟನ್ ಸಾಹೇಬ್ರು ದೇವರಂಥೋರು."

ಪಾಂಗ್ ಕಣ್ಣು ಕಣ್ಣು ಬಿಟ್ಟ.

"ಬಂದೂಕು ಹಿಡಿದು ಕಾಡು ಸೇರಿದ ನಮ್ಮ ಹುಡುಗ್ರ ಮೇಲೆ ಅವರಿಗೆ ಭಾರಿ ಕರುಣೆ. ಗಾಯ ಆದೋರಿಗೆ ಔಷಧಿ ಕಳಿಸ್ತಾರೆ. ಹುಡುಗ್ರು ರೈಲು ಸೇತುವೆ ಸಿಡಿಸಿದ ದಿನ ಪಾಪ, ಸೇತುವೆ ಕಾವಲಿನವ್ರು ಚಳೀಲಿ ಸಾಯ್ತಾರೆ ಅಂತ ಎಲ್ಲಾರನ್ನೂ ಊಟಕ್ಕೆ ಕರೆಸಿಬಿಟ್ಟಿದ್ರು. ಅವರ ಹೆಸರು ತಪ್ಪಿಲ್ಲದೆ ಬರ್ಕೊಳ್ಳಿ ಸ್ವಾಮಿ. ಇಗರಾಶಿ."

ಕಾನ್ಸಲ್ ಆಶ್ಚರ್ಯದಿಂದಲೇ ಬರೆದುಕೊಂಡ.

ಮುದುಕಿ ಹೊಗಳಿದಳಂತೆ ಎಂದಷ್ಟೇ ಕೇಳಿ ಇಗರಾಶಿ ನಕ್ಕ. ಒಂದು ಪೊಟ್ಟಣ ಸಕ್ಕರೆ ಕೊಡಿಸಿದ. ಅವಳು ಬಗ್ಗಿ ನಮಸ್ಕರಿಸಿ ತೆಗೆದುಕೊಂಡಳು.

"ಥೂ! ಮಗನ ಹೆಣ ಸಕ್ಕರೆಗೆ ಮಾರ್ಕೊಂಡ್ಯಲ್ಲೇ," ಎಂದು ಪಾಂಗ್ ಅವಳ ಬೂಟಿನ ಮೇಲೆ ಉಗುಳಿದ. ಅವಳು ಒರೆಸಿಕೊಳ್ಳಲಿಲ್ಲ. ಮೂರು ದಿನ ಊರಲ್ಲಿ ಅವಳಿಗೆ ಯಾರೂ ನೀರು ಕೂಡ ಕೊಡಲಿಲ್ಲ.

ನಾಲ್ಕನೇ ದಿನ ಬೆಳಗಿನ ರೈಲಿನಲ್ಲಿ ಜಪಾನೀ ಸೈನಿಕರೇ ಬಂದರು. ದ್ರೋಹಿ ಎಂದು ಇಗರಾಶಿಯ ಪದಕ ಕಿತ್ತರು. ಕೂಗಾಡುತ್ತಿದ್ದವನನ್ನು ಅದೇ ಗೋಡೆಗೆ ನಿಲ್ಲಿಸಿದರು.

ಗುಂಡಿನ ಸದ್ದು ಅಡಗಿದ ಮೇಲೆ ಗುಯಿರೊಂಗ್ ಸಕ್ಕರೆ ಪೊಟ್ಟಣವನ್ನು ಪಾಂಗ್‌ನ ಕೈಗಿಟ್ಟಳು.

"ಕಾನ್ಸಲ್ ತಂತಿನ ರಾಯಭಾರಿಗಿಂತ ಮೊದಲು ಓದೋರು ಇವನ ಮೇಲಿನೋರು ಕಣೋ. ಅವರಿಗೆ ಕಳಿಸೋಕೆ ನಕಲು ಮಾಡೋದನ್ನ ದಿನಾ ಒಲೆ ಮುಂದೆ ಕೂತು ನೋಡ್ತಿದ್ದೆ."