ಶನಿವಾರದ ಫೋಟೋಕ್ಕೆ ಸೀರೆ

"ಎಲ್ಲಾರೂ ವೈಟ್, ಮಮ್ಮಿ. ಫಾಲ್ ಕಲರ್ಸ್ ಮುಂದೆ ಸೂಪರ್ ಕಾಣ್ತದ," ಎನ್ನುತ್ತ ಮಗಳು ಆರತಿ ಹೊಸ ಬಿಳಿ ಸೀರೆಯನ್ನು ಮಂಚದ ಮೇಲೆ ಹರಡಿದಳು.

ಶ್ರೀದೇವಿ ಅದನ್ನು ಸರಿಸಿ, ಕಡುನೀಲಿ ಇಳಕಲ್ ಸೀರೆಯನ್ನು ಹೆಗಲಿಗೆ ಹಿಡಿದು ಕನ್ನಡಿಯ ಮುಂದೆ ನಿಂತಳು. ಅವಳಿಗೆ ಇನ್ನು ಕೀಮೋ ಕೊಟ್ಟು ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿದ ವಾರವೇ ಗಂಡ ಕಲ್ಮೇಶ್ ತಾವಿದ್ದ ಅಮೆರಿಕದ ಸುವಾನಿ ಊರಿನ ಪಾರ್ಕಿನಲ್ಲಿ ಈ ಶನಿವಾರಕ್ಕೆ ಫ್ಯಾಮಿಲಿ ಫೋಟೋ ಬುಕ್ ಮಾಡಿದ್ದ. ಯಾಕೆಂದು ಅವಳು ಕೇಳಿರಲಿಲ್ಲ.

"ಹುಡುಗಿ ಆಸೆಪಟ್ಟು ತಂದಾಳ. ಬಿಳೀದ ಉಟ್ಕೋ," ಎಂದ ಕಲ್ಮೇಶ್.

"ಬಿಳಿ ಮ್ಯಾಲೆ ಮಲ್ಲಿಗಿ ಹಾರ ಎದ್ದು ಕಾಣೂದಿಲ್ರೀ."

"ವಿಚ್ ಹಾರ?" ಎಂದಳು ಆರತಿ.

ಕಲ್ಮೇಶ್ ಹಿಂದಿನಿಂದ ಬಂದು ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ. ಅಲ್ಲಿ ಈಗ ಬರೀ ಮೂಳೆಯಿತ್ತು. ಶ್ರೀದೇವಿ ಕನ್ನಡಿಯಲ್ಲಿ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಂದೊಂದೇ ಬೆರಳು ಬಿಡಿಸಿ ಕೆಳಗಿಳಿಸಿದಳು.

"ಶನಿವಾರ ಹಿಂಗ ಕೈ ಇಡಬ್ಯಾಡ್ರೀ. ನಮ್ಮವ್ವ ಹೋದಾಗ ಗ್ವಾಡಿಗೆ ಹಾಕಿದ ಫೋಟೋ ಮದುವಿ ಗ್ರೂಪ್ ಫೋಟೋದಾಗಿಂದ ಕತ್ತರಿಸಿದ್ದು. ಹಾರದ ಬಾಜೂಕ ಇನ್ನೂ ಯಾರವೋ ನಾಕು ಬೆರಳು ಅದಾವ."