ಅಬ್ಬಾನ ಮಗ್ಗಲು

ಸೊಂಟದಾಳ ತೋಡಿದ್ದರು, ಅಷ್ಟೇ. ಸಲಿಕೆಗೆ ಅಂಟಿದ ಮಣ್ಣು ಎಷ್ಟು ಜಾಡಿಸಿದರೂ ಬೀಳಲೊಲ್ಲದು. ಮರುಗಳಿಗೆಯಲ್ಲೇ ಕುಣಿಯ ತಳದಲ್ಲಿ ನೀರು ಕಂಡಿತು.

"ಮನ್ಸೂರಣ್ಣಾ, ನೀರು ಬಂತೋ ಯಪ್ಪಾ!" ಒಳಗಿಂದ ಮರಿಲಿಂಗ ಕೂಗಿದ.

ಮನ್ಸೂರಅಲಿ ಕುಣಿಯೊಳಗೆ ಬಗ್ಗಿ ನೋಡಿದ. ಮನೆಯಲ್ಲಿ ತಾಯಿ ಗೌಹರಬೇಗಂಳ ಹೆಣ ಕಾಯುತ್ತಿದೆ. ಕೆಂಭಾವಿಯ ಬೀಗರೂ ಬಂದಿಳಿದಿದ್ದಾರೆ. ಕಣ್ಣು ಮುಚ್ಚುವ ಮುಂಚೆ ಆಕೆ ಕೇಳಿದ್ದು ಒಂದೇ: ನಿಮ್ಮ ಅಬ್ಬಾನ ಮಗ್ಗಲಿಗೇ ನನ್ನ ಮಲಗಿಸು. ಬದುಕಿಡೀ ಬಾಯಿಬಿಟ್ಟು ಏನೂ ಬೇಡದ ಹೆಂಗಸು! ಈತ ಕೈ ಹಿಡಿದು ಹೂಂ ಅಂದಿದ್ದ.

"ಅಬ್ಬಾನ ಕುಣಿ ತೋಡಿದ್ದು ನಾನು ನೀನೇ ಅಲ್ಲೇನೋ? ಗರಸು ನೆಲ. ಕಬ್ಬಿಣದ ಹಾರಿ ಹೊಡದ್ರ ಕಿಡಿ ಹಾರ್ತಿತ್ತು. ಈ ಹಾಳಾದ ನೀರು ಎಲ್ಲಿಂದ ಬಂತು?"

"ಆಗ ಅಲ್ಲಿ ಹಳ್ಳ ಇತ್ತಣ್ಣ." ಮರಿಲಿಂಗ ಮುಖ ನೋಡದೆಯೇ ಹೇಳಿದ.

ಖಬರಸ್ತಾನದ ಗೋಡೆಯಾಚೆ ಈಗ ಹಳ್ಳವಿಲ್ಲ. ಎಷ್ಟೇ ಮಳೆ ಬಂದರೂ ನೀರನ್ನೆಲ್ಲ ಎಳೆದುಕೊಂಡು ಹೋಗಿ, ಸತ್ತವರನ್ನು ಒಣಗಿಟ್ಟಿದ್ದ ಹಳ್ಳ ಅದು. ಕಾಲುವೆ ಬಂದದ್ದೇ ತಡ, ಅದಕ್ಕೆ ಮಣ್ಣು ತುಂಬಿ, ತನ್ನ ಜೋಳದ ಹೊಲದೊಂದಿಗೆ ಸಮ ಮಾಡಿ, ವರ್ಷವಿಡೀ ನೀರು ನಿಲ್ಲುವ ಭತ್ತದ ಗದ್ದೆ ಮಾಡಿದವನು ಬೇರಾರೂ ಅಲ್ಲ, ಇದೇ ಮನ್ಸೂರಅಲಿ. ಅಂದು ಊರಿಗೆ ಊರೇ ಶಹಬ್ಬಾಸ್ ಎಂದಿತ್ತು.

ಆತ ಓಡಿದ. ಗದ್ದೆಗೆ ಬಿಟ್ಟಿದ್ದ ನೀರಿಗೆ ಅಡ್ಡ ಮಣ್ಣು ಹಾಕಿ, ಒಡ್ಡು ಕಡಿದು, ಏದುಸಿರು ಬಿಡುತ್ತ ತಿರುಗಿ ಬಂದ. ಇಬ್ಬರೂ ಬಕೆಟ್ಟಿನಲ್ಲಿ ನೀರೆತ್ತಿ ಚೆಲ್ಲತೊಡಗಿದರು. ಚೆಲ್ಲಿದಷ್ಟೂ ಮತ್ತೆ ಒಸರಿತು.

"ಬಿಡಣ್ಣ, ಸಾಕು," ಎಂದ ಮರಿಲಿಂಗ. "ಇದು ಇವತ್ತಿನ ನೀರಲ್ಲ. ನೆಲಾನೇ ನೀರು ಕುಡದು ಕುಂತದ. ಆ ಕಡಿ ದಿಬ್ಬದ ಮ್ಯಾಲ ತೋಡೂಣು ನಡಿ. ದೊಡ್ಡವ್ವಗ ಒಣಾ ಜಾಗಾ ಸಿಗ್ತದ."

ಮನ್ಸೂರಅಲಿ ಬಕೆಟ್ಟು ಕೆಳಗಿಟ್ಟ. ಪಕ್ಕದಲ್ಲೇ ತಂದೆಯ ಗೋರಿ. ಹೋದ ಹಬ್ಬಕ್ಕೆ ತಾನೇ ಬಳಿದ ಸುಣ್ಣ, ಬುಡದಲ್ಲಿ ಹಸಿಯೇರಿ ಉದುರಿತ್ತು. ಅದನ್ನು ಕಂಡದ್ದೇ ಆತ ಅಲ್ಲೇ ಕುಸಿದು ಕೂತ.

"ಅಮ್ಮಿಗೆ ಒಣಾ ಜಾಗಾ ಸಿಗ್ತದೋ," ಎಂದು ಬಿಕ್ಕಿದ. "ಅಬ್ಬಾನ್ನ ಇಷ್ಟು ವರ್ಷ ನಾನೇ ನೀರಾಗ ಮಲಗಿಸೀನಲ್ಲೋ, ಮರಿಲಿಂಗಾ!"