ಜೋಡಿಗೊಬ್ಬ

ಹೇಳಿದರೆ ತಾನೇ ಹೋಗಬೇಕಾದೀತು. ಹೇಳದಿದ್ದರೆ? ಹೇಳದೆ ಉಳಿದದ್ದನ್ನು ಸುಳ್ಳು ಎನ್ನಲಾದೀತೇ? ಬಸ್ಸು ಮಹಾಗಾಂವ ಕ್ರಾಸ್ ದಾಟಿದರೂ ಗುರುರಾಜನಿಗೆ ಇದು ಇತ್ಯರ್ಥವಾಗಲಿಲ್ಲ. ಅಂಗಿಯ ಜೇಬಿನಲ್ಲಿದ್ದ ಖಾಕಿ ಲಕೋಟೆ ಬೆವರಿಗೆ ಮೆತ್ತಗಾಗಿತ್ತು.

ಕಲಬುರಗಿಯ ಹೈಸ್ಕೂಲೊಂದರಲ್ಲಿ ಗುಮಾಸ್ತನಾದ ಗುರುರಾಜ ವರ್ಷಕ್ಕೆ ಎರಡು ತಿಂಗಳು ಸೈನಿಕ. ಪ್ರಾದೇಶಿಕ ಸೇನೆಯ ಅವನ ಪಡೆ ಇದ್ದದ್ದು ದೂರದ ಕರಾವಳಿಯಲ್ಲಿ. ಒಂದು ಕಂಪನಿ ಬಂದರಿನಲ್ಲಿ, ಒಂದು ದೀಪಸ್ತಂಭದ ಗುಡ್ಡದ ಮೇಲೆ, ಇವನದು ಹೊಳೆ ಸಮುದ್ರ ಸೇರುವ ಅಳಿವೆಯ ಬಳಿ. ಮೀನಿನ ಹಂಗಾಮಿನಲ್ಲಿ ಅಲ್ಲಿಯ ಗಂಡಸರು ಕೈಗೆ ಸಿಗುವುದಿಲ್ಲವೆಂದು ಒಳನಾಡಿನವರನ್ನೂ ಸೇರಿಸಿಕೊಂಡು, ಇಬ್ಬಿಬ್ಬರ ಜೋಡಿ ಮಾಡಿದ್ದರು. ಈ ಜೋಡಿಯಲ್ಲಿ ಹಿರಿಯ, ನಾಯಕ್ ಹುದ್ದೆಯ ಗುರುರಾಜ. ಕಿರಿಯ, ಕಮಲಾಪುರದಲ್ಲಿ ಪಂಪ್‌ಸೆಟ್ಟಿನ ಮೋಟರು ರಿಪೇರಿ ಮಾಡುವ ಮಕ್ಬೂಲ್. ಕರೆ ಬಂದರೆ ಹಿರಿಯನೇ ಕಿರಿಯನ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರಬೇಕು. ಯಾವಾಗಲೂ ಇಬ್ಬರ ಹೆಸರೂ ಬರೆದೇ ಬರುತ್ತಿದ್ದ ಕರೆ, ಕಾರ್ಗಿಲ್ಲಿನ ಗುಡ್ಡಗಳಲ್ಲಿ ಗುಂಡು ಹಾರುತ್ತಿದ್ದ ಆ ತೊಂಬತ್ತೊಂಬತ್ತರ ಜೂನಿನಲ್ಲಿ ಬೇರೆ ಥರ ಬಂದಿತ್ತು. ಜೋಡಿಗೊಬ್ಬ ಸಾಕು, ಯಾರೆಂಬುದನ್ನು ಇಬ್ಬರೂ ಮಾತಾಡಿಕೊಂಡು ಹಿರಿಯನು ಬರೆಯಬೇಕು, ಎಂಟನೇ ತಾರೀಖಿನೊಳಗೆ ಹಾಜರಿ. ಎಷ್ಟು ದಿನಕ್ಕೆ ಎಂಬುದು ಅದರಲ್ಲಿರಲಿಲ್ಲ.

ತಾಯಿ ಮಥುರಾಬಾಯಿಯ ಕಣ್ಣಿನ ಆಪರೇಷನ್, ಶಾಲೆಯಲ್ಲಿ ಪ್ರವೇಶದ ಗಡಿಬಿಡಿ, ಶರಣಸಿರಸಗಿಯ ಪ್ಲಾಟಿನಲ್ಲಿ ಅರ್ಧಕ್ಕೆ ನಿಂತ ಗೋಡೆ. ದಾರಿಯುದ್ದಕ್ಕೂ ಗುರುರಾಜ ಇವನ್ನೇ ಮನಸ್ಸಿನಲ್ಲಿ ಮಗುಚಿ ಹಾಕಿದ. ಎಲ್ಲವೂ ನಿಜ, ಯಾವುದೂ ಕಾರಣವಲ್ಲ. ಕಾರಣ ನೀರು. ಅಳಿವೆಯ ದೋಣಿ ಪಹರೆಯೆಂದರೆ ಅವನಿಗೆ ಜೀವಭಯ. ಹಿಂದಿನ ಎರಡು ವರ್ಷವೂ ಅವನ ಪಾಳಿಯಲ್ಲಿ ಮಕ್ಬೂಲನೇ ಸದ್ದಿಲ್ಲದೆ ಹೋಗಿ ದೋಣಿಯಲ್ಲಿ ಕೂತಿದ್ದ.

ಮನೆಯ ಮುಂದಿನ ತಗಡಿನ ನೆರಳಲ್ಲಿ ಮಕ್ಬೂಲ್ ತಾಮ್ರದ ತಂತಿ ಸುತ್ತುತ್ತಿದ್ದ. “ಬರ್ರಿ ನಾಯಕ್ ಸಾಬ್! ಮೋಟರ್ ಸುಟ್ಟದೋ, ನಮ್ಮೂರ ಕೆಂಪ ಬಾಳಿಹಣ್ಣು ನೆನಪಾಗ್ಯಾವೋ?” ಎಂದು ನಕ್ಕ. ಗುರುರಾಜ ಕೂರುವುದರೊಳಗೇ ಮಕ್ಬೂಲನ ಹೆಂಡತಿ ಹಲೀಮಾ ತಾಟಿನಲ್ಲಿ ಪೇಢೆ ತಂದಳು.

“ಮೊದಲ ಬಾಯಿ ಸಿಹಿ ಮಾಡ್ರಿ ಭಾಯಿ. ಇವ್ರಿಗಿ ಲೈನ್‌ಮನ್ ಇಂಟರ್‌ವ್ಯೂ ಬಂದದ. ಹದಿನಾರನೇ ತಾರೀಖಿಗಿ.”

“ಕಡೀ ಛಾನ್ಸ್ ರೀ,” ಎಂದ ಮಕ್ಬೂಲ್. “ಮುಂದಿನ ವರ್ಷ ವಯಸ್ಸು ಮೀರ್ತದ.” ಮಾತು ಮುಗಿಯುವಾಗ ಅವನ ಕಣ್ಣು ಗುರುರಾಜನ ಜೇಬಿನ ಮೇಲೆ ನಿಂತಿತ್ತು. “ಬುಲಾವಾ ಬಂತೇನ್ರಿ?”

“ಹೂಂ. ಎಂಟರೊಳಗ ಹಾಜರ್ ಆಗಬೇಕು.”

“ನನಗೇನ್ರಿ?”

ಗುರುರಾಜನ ಬಾಯಲ್ಲಿ ಪೇಢೆ ಇತ್ತು. ಅದನ್ನು ನುಂಗುವಷ್ಟರಲ್ಲಿ ಹೇಳುವ ಹೊತ್ತು ದಾಟಿಹೋಯಿತು. ಮಕ್ಬೂಲ್ ಆ ಮೌನವನ್ನೇ ಹೌದೆಂದು ತಿಳಿದು, ವಾರ್ನಿಷ್ ಮೆತ್ತಿದ ಕೈಯನ್ನು ಲುಂಗಿಗೆ ಒರೆಸಿಕೊಂಡ. ಕ್ಯಾಂಪಿನಲ್ಲಿ ಯಾರೂ ಕಾಗದ ಓದುವುದಿಲ್ಲ. ನಾಯಕ್ ಬೆರಳಿಟ್ಟ ಕಡೆ ಸಹಿ ಬೀಳುತ್ತದೆ. ಗುರುರಾಜ ಲಕೋಟೆಯಿಂದ ಕಾಗದ ತೆಗೆದು ಬೆರಳಿಟ್ಟ, ಮಕ್ಬೂಲ್ ಸಹಿ ಮಾಡಿದ.

“ನೀವೂ ಹೊಂಟೀರೇನು ಭಾಯಿ?” ಹಲೀಮಾ ಕೇಳಿದಳು.

“ಇಲ್ಲವಾ. ಈ ಸಲ ಒಬ್ರೇ ಅಂತ.”

“ಹಂಗಾದ್ರ ಹದಿನಾರಕ್ಕ?” ಯಾರನ್ನು ಕೇಳಬೇಕೆಂದು ತಿಳಿಯದೆ ಅವಳು ಇಬ್ಬರನ್ನೂ ನೋಡಿದಳು.

“ಹದಿನಾರಕ್ಕ ಬ್ಯಾರೆ ಯಾರರೆ ಕಂಬ ಹತ್ತತಾರ ಬಿಡು,” ಎಂದ ಮಕ್ಬೂಲ್. “ಅದೂ ಸರ್ಕಾರದ ಕಾಗದ, ಇದೂ ಸರ್ಕಾರದ ಕಾಗದ. ಯಾವುದು ಜೋರದ, ಅದು ಗೆಲ್ತದ.” ಹಲೀಮಾ ತಾಟು ಎತ್ತಿಕೊಂಡು ಒಳಗೆ ಹೋದಳು. ಚಹಾಕ್ಕೆ ಇಟ್ಟ ನೀರು ಕುದಿಯುತ್ತಲೇ ಇತ್ತು, ಯಾರೂ ಇಳಿಸಲಿಲ್ಲ.

ಬೇಡವೆಂದರೂ ಕೇಳದೆ ಮಕ್ಬೂಲ್ ಬಸ್ಸಿಗೆ ಹತ್ತಿಸಲು ಬಂದ. ಬಸ್ಸು ಕಂಡೊಡನೆ ಹತ್ತಿರ ಸರಿದು ದನಿ ತಗ್ಗಿಸಿದ. “ಸಾಬ್, ಸಿಟ್ಟಾಗಬ್ಯಾಡ್ರಿ. ನಿಮ್ಮನ್ನ ಕೈ ಬಿಟ್ಟಾರಂದ್ರ, ಆ ದೋಣಿ ಪಹರೇದ ಸುದ್ದಿ ಮ್ಯಾಲಿನವ್ರಿಗಿ ಮುಟ್ಟಿರಬೇಕು. ಆದ್ರ ನಾ ಹೇಳಿಲ್ರಿ. ಹಲೀಮಾನ ಮುಂದ ಸುದ್ದಾ ಹೇಳಿಲ್ಲ. ಅಲ್ಲಾನ ಕಸಂ.”

ಗುರುರಾಜ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ. ಮಕ್ಬೂಲ್ ಕೆಳಗಿನಿಂದ ಕಿಟಕಿಯ ಸರಳು ಹಿಡಿದುಕೊಂಡೇ ನಿಂತಿದ್ದ. “ನಿಮಗ ಭಾಳ ಬ್ಯಾಸರ ಆಗ್ಯದ, ಮಾರಿ ನೋಡಿದ್ರ ತಿಳೀತದ. ನನ್ನ ಮ್ಯಾಲೆ ಸಂಶಯ ಇಟ್ಕೋಬ್ಯಾಡ್ರಿ.”

“ಇಲ್ಲ ಮಕ್ಬೂಲ್,” ಎಂದ ಗುರುರಾಜ. “ನಿನ್ನ ಮ್ಯಾಲೆ ಏನೂ ಇಲ್ಲ.”

ಕಂಡಕ್ಟರ್ ಸೀಟಿ ಊದಿದ. ಮಕ್ಬೂಲ್ ಸರಳಿನಿಂದ ಕೈ ತೆಗೆದು ಸಲಾಮು ಮಾಡಿದ. ಹೋಗುವವನ ಹೆಸರು ಬರೆಯುವ ಜಾಗ ಕಾಗದದಲ್ಲಿ ಇನ್ನೂ ಖಾಲಿಯೇ ಇದೆ ಎಂದು ಗುರುರಾಜ ಹೇಳಲಿಲ್ಲ.